ಎರಡು ಲಕ್ಷದ ಒಲೆ

2025ರ ಏಪ್ರಿಲ್ ತಿಂಗಳು, ಭಾನುವಾರ. ಕಲಬುರಗಿಯಿಂದ ತಂಗಿಯ ಫೋನು. ಕ್ಷೇಮ ಸಮಾಚಾರದ ಎರಡು ಮಾತು ಮುಗಿಯುವ ಮೊದಲೇ ವಿಷಯಕ್ಕೆ ಬಂದಳು. "ಅಣ್ಣಾ, ನಿನ್ನ ಅಳಿಯಗ ಸ್ವಲ್ಪ ಬುದ್ಧಿ ಹೇಳು. ಕಂಪ್ಯೂಟರಿಗೆ ಹಾಕೋ ಒಂದು ಕಾರ್ಡಿಗೆ ಎರಡು ಲಕ್ಷ ರೂಪಾಯಿ ಅಂತ. ಅದರಾಗ ಏನು ಬಂಗಾರ ಹಾಕ್ಯಾರೇನು?"

ಅಳಿಯ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಸಂಬಳದಲ್ಲಿ ಹಿಡಿದಿಟ್ಟ ಒಂದೂಕಾಲು ಲಕ್ಷ ಕೈಯಲ್ಲಿದೆ. ಉಳಿದದ್ದಕ್ಕೆ ಕಂತು ಕಟ್ಟುವುದೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದಾನೆ. ಫೋನು ಅವನ ಕೈಗೆ ಬಂತು. "ಮಾಮಾ, ಅವ್ವಗ ತಿಳಿಯಂಗಿಲ್ಲ. ಆಟಕ್ಕ ಇದಕ್ಕಿಂತ ಮ್ಯಾಲಿನ ಕಾರ್ಡೇ ಇಲ್ಲ."

ಅವನ ಮಾತು ಸುಳ್ಳಲ್ಲ. ಅವನು ಕಣ್ಣಿಟ್ಟಿದ್ದು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5090 ಎಂಬ ಗ್ರಾಫಿಕ್ಸ್ ಕಾರ್ಡಿನ ಮೇಲೆ. 2025ರ ಜನವರಿಯಲ್ಲಿ ಪ್ರಕಟವಾದಾಗ ಅಮೆರಿಕದಲ್ಲಿ ಅದರ ಬೆಲೆ 1999 ಡಾಲರ್. ನಮ್ಮಲ್ಲಿಗೆ ಬರುವಷ್ಟರಲ್ಲಿ ಎರಡು ಲಕ್ಷ ದಾಟಿತ್ತು. ನಾನು ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಮೂರೇ ಪ್ರಶ್ನೆ ಕೇಳಿದೆ. ನಿನ್ನ ಮಾನಿಟರ್ ಯಾವುದು? ಕಂಪ್ಯೂಟರ್ ಇಟ್ಟಿರುವುದು ಯಾವ ಕೋಣೆಯಲ್ಲಿ? ಆ ಕೋಣೆಯಲ್ಲಿ ಮಧ್ಯಾಹ್ನ ಎಷ್ಟು ಸೆಕೆ?

ಮೊದಲ ಪ್ರಶ್ನೆಗೆ ಥಟ್ಟನೆ ಉತ್ತರ ಬಂತು: 24 ಇಂಚಿನ ಹಳೆಯ ಮಾನಿಟರ್. ಎರಡನೆಯದಕ್ಕೆ ಸ್ವಲ್ಪ ಅನುಮಾನದಿಂದ "ಮಾಳಿಗಿ ಮ್ಯಾಲಿನ ಖೋಲಿ" ಎಂದ. ಮೂರನೆಯದಕ್ಕೆ ನಕ್ಕೇಬಿಟ್ಟ. "ಕಲಬುರಗ್ಯಾಗ ಏಪ್ರಿಲ್ ತಿಂಗಳು ಮಾಮಾ, ಕೇಳಬೇಕೇನು?"

ಕೇಳಲೇಬೇಕು. ಆದರೆ ಅದಕ್ಕೆ ಮೊದಲು ಮಾನಿಟರ್ ವಿಷಯ.

ಗ್ರಾಫಿಕ್ಸ್ ಕಾರ್ಡಿನ ಕೆಲಸವೆಂದರೆ ತೆರೆಯ ಮೇಲಿನ ಚುಕ್ಕಿಗಳಿಗೆ ಬಣ್ಣ ತುಂಬುವುದು. ಸಂಕ್ರಾಂತಿಯ ರಂಗೋಲಿ ನೆನಪಿಸಿಕೊಳ್ಳಿ. ಚುಕ್ಕಿ ಎಷ್ಟೋ ಕೆಲಸ ಅಷ್ಟು. ಅಳಿಯನ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಅಂದರೆ ಒಟ್ಟು ಸುಮಾರು 20 ಲಕ್ಷದ 73 ಸಾವಿರ ಚುಕ್ಕಿಗಳಿವೆ. ಅಂಗಡಿಯವರು ಫೋರ್ ಕೆ ಎಂದು ಕೂಗಿ ಮಾರುವ ತೆರೆಯಲ್ಲಿ ಇದರ ಸರಿಯಾಗಿ ನಾಲ್ಕು ಪಟ್ಟು, ಸುಮಾರು 83 ಲಕ್ಷ. ಆಟದಲ್ಲಿ ಕಾರು ಓಡುತ್ತಿದೆ ಎನ್ನಿಸಬೇಕಾದರೆ ಇಷ್ಟೂ ಚುಕ್ಕಿಗಳನ್ನು ಸೆಕೆಂಡಿಗೆ ಹತ್ತಾರು ಬಾರಿ ಅಳಿಸಿ ಹೊಸದಾಗಿ ಬಿಡಿಸಬೇಕು. ನೆರಳು ಎಲ್ಲಿ ಬೀಳುತ್ತದೆ, ಒದ್ದೆ ರಸ್ತೆಯಲ್ಲಿ ದೀಪ ಹೇಗೆ ಪ್ರತಿಫಲಿಸುತ್ತದೆ ಎಂಬುದನ್ನೆಲ್ಲ ಪ್ರತಿ ಚುಕ್ಕಿಗೂ ಲೆಕ್ಕ ಹಾಕಬೇಕು. 5090ರ ಚಿಪ್ಪಿನೊಳಗೆ ಈ ಕೆಲಸಕ್ಕೆಂದೇ 21,760 ಪುಟ್ಟ ಲೆಕ್ಕಿಗರು ಕೂತಿದ್ದಾರೆ. ಅಂಚೆ ಚೀಟಿಯಷ್ಟಗಲದ ಸಿಲಿಕಾನ್ ಚೂರಿನಲ್ಲಿ 9,200 ಕೋಟಿ ಟ್ರಾನ್ಸಿಸ್ಟರುಗಳು.

ಸರಿ, ಈ ಸೈನ್ಯ ಕಟ್ಟಿಕೊಂಡು ಅಳಿಯ ಮಾಡುವುದೇನು? ಅವನ ಹಳೆಯ ಮಾನಿಟರ್ ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲದು. ಕಾರ್ಡು 200 ಚಿತ್ರ ಬಿಡಿಸಿ ಕೊಟ್ಟರೂ 60 ಮಾತ್ರ ತೆರೆಗೆ ಬರುತ್ತವೆ. ಮಿಕ್ಕ 140ಕ್ಕೆ ಕರೆಂಟು ಉರಿಯುತ್ತದೆ, ಶಾಖ ಏಳುತ್ತದೆ, ಯಾರ ಕಣ್ಣಿಗೂ ಬೀಳದೆ ಮಾಯವಾಗುತ್ತವೆ. (ಪಂದ್ಯಕ್ಕೆಂದೇ ಆಡುವವರು ಇದನ್ನು ಒಪ್ಪುವುದಿಲ್ಲ. ಚಿತ್ರ ಹೆಚ್ಚು ತಯಾರಾದಷ್ಟೂ ಬೆರಳಿಗೂ ತೆರೆಗೂ ನಡುವಿನ ವಿಳಂಬ ಕೂದಲೆಳೆಯಷ್ಟು ಕಡಿಮೆಯಾಗುವುದು ನಿಜ. ನನ್ನ ಅಳಿಯ ಆ ಮಟ್ಟದ ಆಟಗಾರನಲ್ಲ. ಇದನ್ನು ಅವನಿಗೂ ಹೇಳಿದ್ದೇನೆ.)

ಹಾಗಾಗಿ ಕಾರ್ಡು ಕೊಳ್ಳುವವರು ಮೊದಲು ನೋಡಬೇಕಾದ್ದು ಕಾರ್ಡನ್ನಲ್ಲ, ಮಾನಿಟರನ್ನು. ಫೋರ್ ಕೆ ತೆರೆ ಇದ್ದು, ಅದು ಸೆಕೆಂಡಿಗೆ 120 ಚಿತ್ರವನ್ನೋ ಇನ್ನೂ ಹೆಚ್ಚನ್ನೋ ತೋರಿಸುವಂಥದ್ದಾಗಿದ್ದರೆ ದೊಡ್ಡ ಕಾರ್ಡಿಗೆ ಅರ್ಥವಿದೆ. ನಡುವೆ 2560ಕ್ಕೆ 1440 ಚುಕ್ಕಿಗಳ 27 ಇಂಚಿನ ತೆರೆಯೊಂದಿದೆ. ಮೇಜಿನ ಮುಂದೆ ಕೂತು ಆಡುವವರಿಗೆ ನನ್ನ ಮಟ್ಟಿಗೆ ಅದೇ ಹದ. 2025ರಲ್ಲೇ ಬಂದ ಆರ್‌ಟಿಎಕ್ಸ್ 5070 ಟಿಐ, ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ ಕಾರ್ಡುಗಳು ಈ ತೆರೆಯನ್ನು ಸಲೀಸಾಗಿ ನಿಭಾಯಿಸುತ್ತವೆ. ಎರಡಕ್ಕೂ 16 ಜಿಬಿ ಮೆಮೊರಿ ಇದೆ. ಈ ಮೆಮೊರಿ ಮಾತ್ರ ಆಮೇಲೆ ಹೆಚ್ಚಿಸಲು ಬರುವಂಥದ್ದಲ್ಲ, ಕೊಂಡಾಗ ಎಷ್ಟಿತ್ತೋ ಅಷ್ಟೇ ಕೊನೆಯವರೆಗೆ. ಹಾಗಾಗಿ ಐದಾರು ವರ್ಷ ಬಾಳಿಕೆ ಬರಲಿ ಎನ್ನುವವರು 16 ಜಿಬಿಗಿಂತ ಕೆಳಗಿಳಿಯದಿರುವುದು ಮೇಲು. 5090ರಲ್ಲಿ 32 ಜಿಬಿ ಇದೆ, ನಿಜ. ಸಿನಿಮಾ ಆನಿಮೇಷನ್ ಮಾಡುವವರಿಗೆ, ಮನೆಯಲ್ಲೇ ಕೃತಕ ಬುದ್ಧಿಮತ್ತೆಯ ಪ್ರಯೋಗ ನಡೆಸುವವರಿಗೆ ಅದು ಬೇಕು. "ನಾನೂ ಬ್ಲೆಂಡರ್ ಕಲಿಯಾಕತ್ತೀನಿ ಮಾಮಾ" ಎಂದ. ಕಳೆದ ತಿಂಗಳು ಎಷ್ಟು ದಿನ ತೆರೆದೆ ಎಂದು ಕೇಳಿದ್ದಕ್ಕೆ ಲೈನು ಸ್ವಲ್ಪ ಹೊತ್ತು ಸುಮ್ಮನಾಯಿತು.

ಇನ್ನು ಸೆಕೆಯ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಯಾರೂ ಬಾಯಿ ಬಿಡದ ಸಂಗತಿ ಇದು.

5090 ಪೂರ್ತಿ ದುಡಿಯುವಾಗ 575 ವಾಟ್ ವಿದ್ಯುತ್ ಎಳೆಯುತ್ತದೆ. ನಮ್ಮ ಹಳೆಯ ಸೀಲಿಂಗ್ ಫ್ಯಾನು ಎಳೆಯುವುದು 75 ವಾಟ್. ಫ್ಯಾನು ಗಾಳಿ ಬೀಸುತ್ತದೆ, ಮಿಕ್ಸರ್ ಚಟ್ನಿ ರುಬ್ಬುತ್ತದೆ. ಕಾರ್ಡಿನಿಂದ ಹೊರಬರುವ ಕೆಲಸ ಯಾವುದು? ಚಿತ್ರದ ಲೆಕ್ಕಕ್ಕೆ ತೂಕವಿಲ್ಲ. ಒಳಗೆ ಹೋದ 575 ವಾಟಿನಲ್ಲಿ ಬಹುತೇಕ ಎಲ್ಲವೂ ಶಾಖವಾಗಿಯೇ ಹೊರಬರುತ್ತದೆ. ಪ್ರೊಸೆಸರ್ ಮತ್ತು ಇತರ ಭಾಗಗಳನ್ನೂ ಸೇರಿಸಿದರೆ ಇಡೀ ಯಂತ್ರದ್ದು 800 ವಾಟಿನ ಆಸುಪಾಸು. ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆಯ ಹಿಡಿಯ ಮೇಲೆ ಬರೆದಿರುವುದನ್ನು ಓದಿ ನೋಡಿ. 750 ಅಥವಾ 1000 ಎಂದಿರುತ್ತದೆ. ಮಾಳಿಗೆಯ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ನಾಲ್ಕು ಗಂಟೆ ಆಡುವುದೆಂದರೆ ನಾಲ್ಕು ಗಂಟೆ ಕಾದ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಂತೆ.

"ಆದರ ಕಾರ್ಡಿಗೆ ಮೂರು ಫ್ಯಾನ್ ಅದಾವಲ್ಲ?" ಇದು ಅಳಿಯನ ವಾದ. ಫ್ಯಾನುಗಳು ಇವೆ, ಚೆನ್ನಾಗಿಯೂ ಇವೆ. ಚಿಪ್ಪಿನ ಬೆನ್ನಿಗೆ ಅಂಟಿಕೊಂಡಂತೆ ತಾಮ್ರದ ಚಪ್ಪಟೆ ಡಬ್ಬಿ ಇಲ್ಲವೇ ಕೊಳವೆಗಳಿರುತ್ತವೆ. ಒಳಗೆ ಗಾಳಿ ತೆಗೆದು ಒಂದಿಷ್ಟು ದ್ರವ ಬಿಟ್ಟು ಬಾಯಿ ಮುಚ್ಚಿರುತ್ತಾರೆ. ಚಿಪ್ಪಿನ ಬಿಸಿಗೆ ದ್ರವ ಆವಿಯಾಗುತ್ತದೆ, ಆವಿ ತಣ್ಣಗಿರುವ ಕಡೆಗೆ ಓಡುತ್ತದೆ, ಅಲ್ಲಿ ಶಾಖವನ್ನು ಲೋಹಕ್ಕೆ ಒಪ್ಪಿಸಿ ಹನಿಯಾಗಿ ಮರಳುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಿಂದ ಹನಿ ತೊಟ್ಟಿಕ್ಕುವುದು ನೋಡಿದ್ದೀರಲ್ಲ, ಅದೇ ವಿದ್ಯೆ. ಶಾಖ ಅಲ್ಲಿಂದ ತೆಳು ತಗಡಿನ ಸಾಲುಸಾಲು ರೆಕ್ಕೆಗಳಿಗೆ ಹರಡುತ್ತದೆ, ಫ್ಯಾನು ಅದನ್ನು ಗಾಳಿಗೆ ತೂರುತ್ತದೆ. ಈ ದ್ರವದ ಮಹಿಮೆ ಎಷ್ಟೆಂಬುದಕ್ಕೆ ಒಂದು ಪ್ರಸಂಗ. 2022ರ ಡಿಸೆಂಬರಿನಲ್ಲಿ ಎಎಂಡಿ ಕಂಪನಿ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡನ್ನು ಮಾರುಕಟ್ಟೆಗೆ ಬಿಟ್ಟಿತು. ಕಂಪನಿಯ ಸ್ವಂತ ವಿನ್ಯಾಸದ ಕೆಲವು ಕಾರ್ಡುಗಳು 110 ಡಿಗ್ರಿ ಮುಟ್ಟಿ ತಾವಾಗಿಯೇ ನಿಧಾನವಾಗತೊಡಗಿದವು. ತಾಮ್ರದ ಡಬ್ಬಿಯೊಳಗೆ ತುಂಬಿದ ನೀರು ಸಾಲದಾಗಿತ್ತು ಎಂದು ಮರು ತಿಂಗಳು ಕಂಪನಿಯೇ ಒಪ್ಪಿಕೊಂಡಿತು. ಕೆಲವು ಹನಿಗಳ ಕೊರತೆ, ಅಷ್ಟೆ.

ಆದರೆ ಎಂಥ ಫ್ಯಾನೇ ಇರಲಿ, ಎಂಥ ತಾಮ್ರವೇ ಇರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡುವ ಶಕ್ತಿ ಅದಕ್ಕಿಲ್ಲ. ಫ್ಯಾನು ಶಾಖವನ್ನು ಕೊಲ್ಲುವುದಿಲ್ಲ, ಇಲ್ಲಿಂದ ಎತ್ತಿ ಅಲ್ಲಿ ಹಾಕುತ್ತದೆ. ಒಂದು ಕಾರ್ಡು 22 ಡಿಗ್ರಿಯ ಕೋಣೆಯಲ್ಲಿ 72 ಡಿಗ್ರಿಗೆ ನಿಂತಿತು ಎಂದಿಟ್ಟುಕೊಳ್ಳಿ. ಕೋಣೆಗಿಂತ 50 ಡಿಗ್ರಿ ಮೇಲೆ. ಈ 50 ಎನ್ನುವುದು ಆ ಕಾರ್ಡಿನ ಗುಣ, ಬಹುಮಟ್ಟಿಗೆ ಎಲ್ಲಿ ಹೋದರೂ ಅದರ ಜೊತೆಗೇ ಬರುತ್ತದೆ. ಅದೇ ಕಾರ್ಡನ್ನು 40 ಡಿಗ್ರಿಯ ಕೋಣೆಯಲ್ಲಿಟ್ಟರೆ 90. ವಿದೇಶದ ವಿಮರ್ಶಕರು ಹವಾನಿಯಂತ್ರಿತ ಕೋಣೆಯಲ್ಲಿ ಅಳೆದು "ತಂಪಾಗಿದೆ" ಎಂದು ಶಿಫಾರಸು ಮಾಡುವ ಕಾರ್ಡನ್ನು ನಾವು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಕೊಳ್ಳುತ್ತೇವೆ. 5090ಕ್ಕೆ ಕಂಪನಿ ಹಾಕಿಕೊಟ್ಟ ಗೆರೆ 90 ಡಿಗ್ರಿ. ಅದನ್ನು ಮುಟ್ಟಿದೊಡನೆ ಕಾರ್ಡು ಪ್ರಾಣ ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಎರಡು ಲಕ್ಷ ಕೊಟ್ಟು ತಂದದ್ದು ಏಪ್ರಿಲ್ ಮಧ್ಯಾಹ್ನ ತನ್ನ ಬೆಲೆಗೆ ತಕ್ಕ ಓಟ ಓಡುವುದಿಲ್ಲ.

ನೀರಿನ ಕೂಲಿಂಗ್ ಹಾಕಿಸಿದರೆ? ನೀರು ಶಾಖವನ್ನು ಬೇಗ ಹೊತ್ತೊಯ್ಯುತ್ತದೆ, ಗದ್ದಲ ಕಡಿಮೆ. ಹೊತ್ತು ತಂದು ಸುರಿಯುವುದು ಮಾತ್ರ ಅದೇ ಕೋಣೆಗೆ. ಎ.ಸಿ. ಹಾಕಿಸಿದರೆ ಪ್ರಶ್ನೆಯೇ ಇಲ್ಲ ಅನ್ನಿ, ಆದರೆ ಒಂದು ಟನ್ನಿನ ಎ.ಸಿ. ಹೊರಹಾಕುವುದು ಸುಮಾರು 3,500 ವಾಟ್ ಶಾಖವನ್ನು, ಅದರಲ್ಲಿ ಕಾಲುಭಾಗದ ಹತ್ತಿರ ಈ ಒಂದು ಪೆಟ್ಟಿಗೆಗೇ ಹೋಗುತ್ತದೆ. ಬಯಲುಸೀಮೆಯ ಮನೆಗಳಲ್ಲಿರುವ ನೀರಿನ ಕೂಲರು ಒಣ ಹವೆಯಲ್ಲಿ ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಮಂಗಳೂರಿನಲ್ಲಿ ಅದರಿಂದ ಪ್ರಯೋಜನವಿಲ್ಲ, ಅಲ್ಲಿನ ಗಾಳಿ ಮೊದಲೇ ತೊಯ್ದಿದೆ. ಕೂಲರು ಇರುವವರು ಎದುರಿನ ಕಿಟಕಿ ತೆರೆದಿಡಬೇಕು, ಕಂಪ್ಯೂಟರನ್ನು ಹನಿ ಸಿಡಿಯದಷ್ಟು ದೂರ ಇಡಬೇಕು. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಸರ್ಕ್ಯೂಟಿನ ಮೇಲೆ ಕೂತರೆ ಕಾರ್ಡಿನ ಕತೆ ಮುಗಿದಂತೆ.

ಕ್ಯಾಬಿನೆಟ್ಟಿನ ವಿಷಯದಲ್ಲಿ ನನ್ನದೇ ಪೆದ್ದುತನವೊಂದನ್ನು ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಕಂಪ್ಯೂಟರ್ ಮಧ್ಯಾಹ್ನವಾದರೆ ಸಾಕು, ತನ್ನಷ್ಟಕ್ಕೆ ಆರಿಹೋಗುತ್ತಿತ್ತು. ರಿಪೇರಿಯವರು ಪವರ್ ಸಪ್ಲೈ ಬದಲಿಸಿದರು, ರೋಗ ಹೋಗಲಿಲ್ಲ. ಇನ್ನೊಬ್ಬರು ಮೆಮೊರಿ ಬದಲಿಸಿದರು. ಎರಡು ಸಲ ದುಡ್ಡು ಕೊಟ್ಟ ಮೇಲೆ ಒಂದು ದಿನ ಟೇಬಲ್ ಸರಿಸಿ ಕಸ ಗುಡಿಸುವಾಗ ಕಂಡಿತು. ಕಂಪ್ಯೂಟರ್ ಟೇಬಲ್ಲಿನಲ್ಲಿ ಸಿಪಿಯು ಇಡಲೆಂದು ಒಂದು ಗೂಡು ಮಾಡಿರುತ್ತಾರಲ್ಲ, ಮೂರು ಕಡೆ ಹಲಗೆ, ಹಿಂದೆ ಗೋಡೆ. ಅದರೊಳಗೆ ಪೆಟ್ಟಿಗೆಯನ್ನು ಭದ್ರವಾಗಿ ತುರುಕಿದ್ದೆ. ತಾನು ಬಿಟ್ಟ ಬಿಸಿ ಉಸಿರನ್ನೇ ಅದು ಮತ್ತೆ ಮತ್ತೆ ಎಳೆದುಕೊಳ್ಳುತ್ತಿತ್ತು. ಒಳಗೆ ಫ್ಯಾನಿನ ಮೇಲೆ ಧೂಳು ಕಂಬಳಿಯಂತೆ ಹೊದ್ದು ಕೂತಿತ್ತು. ಗೂಡಿನಿಂದ ಹೊರಗಿಟ್ಟೆ, ಧೂಳು ಊದಿದೆ, ರೋಗ ಮಾಯ. ಆಫೀಸಿಗೆ ಮೊದಲು ಕಂಪ್ಯೂಟರ್ ಬಂದಾಗ ಎ.ಸಿ. ಕೋಣೆಯಲ್ಲಿಟ್ಟು ನಾವು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆವು. ಆ ಭಯಭಕ್ತಿ ಹೋದದ್ದು ಒಳ್ಳೆಯದೇ. ಧೂಳಿನ ಎಚ್ಚರವೂ ಜೊತೆಗೇ ಹೋಯಿತು.

ಈಗಿನ ಕ್ಯಾಬಿನೆಟ್ಟುಗಳಲ್ಲಿ ಗಾಜಿನ ಶೋಕಿ ಜಾಸ್ತಿ. ಮುಂದೆ ಗಾಜು, ಪಕ್ಕದಲ್ಲಿ ಗಾಜು, ಒಳಗೆ ಗಣಪತಿ ಪೆಂಡಾಲಿನಂತೆ ದೀಪ. ಮುಂಭಾಗಕ್ಕೆ ಜಾಲರಿ ಇರುವುದನ್ನೇ ಕೊಳ್ಳಿ. ಮುಂದಿನ ಫ್ಯಾನು ಗಾಳಿ ಒಳಗೆಳೆಯಬೇಕು, ಹಿಂದಿನದು ಮತ್ತು ಮೇಲಿನದು ಹೊರಹಾಕಬೇಕು. ಜೋಡಿಸುವವರು ಫ್ಯಾನನ್ನು ಉಲ್ಟಾ ಹಾಕಿರುವುದೂ ಉಂಟು. ಒಂದು ಊದುಬತ್ತಿ ಹಚ್ಚಿ ಒಂದು ಗೇಣು ದೂರ ಹಿಡಿದರೆ ಹೊಗೆಯೇ ದಾರಿ ತೋರಿಸುತ್ತದೆ. ಇನ್ನೊಂದು ಪರೀಕ್ಷೆ ಇದೆ. ಆಟ ಆಡುವಾಗ ಕಾರ್ಡಿನ ಉಷ್ಣತೆ ಬರೆದಿಟ್ಟುಕೊಳ್ಳಿ. ಯಂತ್ರ ಆರಿಸಿ, ಪಕ್ಕದ ಮುಚ್ಚಳ ತೆಗೆದು, ಮತ್ತೆ ಅಷ್ಟೇ ಹೊತ್ತು ಆಡಿ. ಹತ್ತು ಡಿಗ್ರಿ ಇಳಿಯಿತೆ? ತಪ್ಪು ಕಾರ್ಡಿನದಲ್ಲ, ಕ್ಯಾಬಿನೆಟ್ಟಿನ ಗಾಳಿ ಓಡಾಟದ್ದು. ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಬ್ಲೋಯರಿನ ರಭಸಕ್ಕೆ ಅದು ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗು ಹಾಳಾಗುತ್ತದೆ.

ನಾನಿರುವುದು ಬೆಂಗಳೂರಿನಲ್ಲಿ. ಅಳಿಯನ ಪರವಾಗಿ ಒಂದು ಶನಿವಾರ ಎಸ್.ಪಿ. ರೋಡಿಗೆ ಹೋಗಿ ವಿಚಾರಿಸಿ ಬಂದೆ. ಕೌಂಟರಿನಲ್ಲಿದ್ದ ಹುಡುಗ ಬುದ್ಧಿವಂತ. ಬೆಲೆ ಹೇಳುವ ಮೊದಲು "ಕ್ಯಾಬಿನೆಟ್ ಯಾವುದು ಸರ್, ಉದ್ದ ಅಳೆದಿದ್ದೀರಾ?" ಎಂದ. ದೊಡ್ಡ ಕಾರ್ಡುಗಳು 30 ಸೆಂಟಿಮೀಟರ್ ದಾಟುತ್ತವೆ, ಹಳೆಯ ಪೆಟ್ಟಿಗೆಗೆ ಹಿಡಿಸುವುದಿಲ್ಲ. ಜೊತೆಗೆ 1000 ವಾಟಿನ ಪವರ್ ಸಪ್ಲೈ ಬೇಕು. ಹೊಸ ಮಾನಿಟರು ಬೇಕು. ಚೀಟಿಯ ಮೇಲೆ ಅವನು ಕೂಡಿಸುತ್ತ ಹೋದ, ಎರಡು ಲಕ್ಷದ ಮಾತು ಎಲ್ಲೋ ಹಿಂದುಳಿಯಿತು.

ಅವನು ಕಾರ್ಡಿನ ವಿದ್ಯುತ್ ಕನೆಕ್ಟರನ್ನೂ ತೋರಿಸಿದ. ಹೆಬ್ಬೆರಳಿನಷ್ಟಗಲದ ಪ್ಲಾಸ್ಟಿಕ್ ತುಂಡು. ನಮ್ಮ ಬಚ್ಚಲುಮನೆಯ 2,000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು ಒಂಬತ್ತು ಆಂಪಿಯರಿಗಿಂತ ಕಡಿಮೆ. ಕಾರ್ಡು ಓಡುವುದು 12 ವೋಲ್ಟಿನಲ್ಲಿ, ಆದ್ದರಿಂದ 575 ವಾಟಿಗೆ ಸುಮಾರು 48 ಆಂಪಿಯರ್. ಆರು ಪಿನ್ನುಗಳು ಅದನ್ನು ಹಂಚಿಕೊಂಡರೆ ತಲಾ ಎಂಟು. ಒಂದೆರಡು ಪಿನ್ನು ಸರಿಯಾಗಿ ಕೂರದಿದ್ದರೆ ಉಳಿದವುಗಳ ಮೇಲೆ ಭಾರ. 2022ರಲ್ಲಿ 4090 ಕಾರ್ಡು ಬಂದ ಕೆಲವೇ ವಾರಗಳಲ್ಲಿ ಈ ಕನೆಕ್ಟರ್ ಕರಗಿದ ಸುದ್ದಿಗಳು ಬಂದವು. ಮರುವರ್ಷ ವಿನ್ಯಾಸ ತಿದ್ದಿದರು. ಆದರೂ 2025ರಲ್ಲಿ 5090ರ ಬಗ್ಗೆ ಮತ್ತೆ ಅಂಥ ದೂರುಗಳು ಬಂದವು. ಪೂರ್ತಿ ಒಳಗೆ ಒತ್ತಿ ಕೂರಿಸಬೇಕು, ಬುಡದಲ್ಲೇ ವೈರನ್ನು ಬಾಗಿಸಬಾರದು, ಬುಡದಿಂದ ಮೂರೂವರೆ ಸೆಂಟಿಮೀಟರ್ ನೇರ ಬಿಡಬೇಕು. ಕ್ಯಾಬಿನೆಟ್ ಇಕ್ಕಟ್ಟಾಗಿದ್ದರೆ ಪಕ್ಕದ ಗಾಜು ಅದಕ್ಕೂ ಜಾಗ ಕೊಡುವುದಿಲ್ಲ.

ಅಷ್ಟೂ ಲೆಕ್ಕ ಒಪ್ಪಿಸಿದ ಮೇಲೂ ಅಳಿಯ ಬಗ್ಗಲಿಲ್ಲ. ಬಗ್ಗಿಸಿದ್ದು ತಂಗಿ, ಕರೆಂಟು ಬಿಲ್ಲಿನಿಂದ. ಯಂತ್ರ 800 ವಾಟ್, ದಿನಕ್ಕೆ ನಾಲ್ಕು ಗಂಟೆ, ಅಂದರೆ 3.2 ಯೂನಿಟ್. ತಿಂಗಳಿಗೆ 96. ಅವರ ಮನೆಗೆ 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಅನುಕೂಲವಿದೆ. ಬಳಕೆ 200 ಯೂನಿಟ್ ಮೀರಿದರೆ ಆ ತಿಂಗಳ ಬಿಲ್ ಪೂರ್ತಿ ಕಟ್ಟಬೇಕು. ಬೇಸಿಗೆಯಲ್ಲಿ ಕೂಲರು, ಫ್ರಿಜ್ ಸೇರಿ ಅವರು ಮೊದಲೇ 150ರ ಆಸುಪಾಸಿನಲ್ಲಿದ್ದರು. "ಕಂತೂ ನೀನ ಕಟ್ಟು, ಬಿಲ್ಲೂ ನೀನ ಕಟ್ಟು" ಎಂದಳಂತೆ.

ಕೊನೆಗೆ ಅವನು ತಂದದ್ದು 5070 ಟಿಐ, ಅದರ ಹಸಿವು 300 ವಾಟ್. ಜೊತೆಗೆ ಜಾಲರಿ ಮುಖದ ಕ್ಯಾಬಿನೆಟ್ಟು, 27 ಇಂಚಿನ ಮಾನಿಟರು. ಉಳಿಸಿದ ಹಣ ಮುಗಿದು ಸ್ವಲ್ಪ ಕೈಗಡ ಆಯಿತು, ಬ್ಯಾಂಕಿನ ಕಂತು ತಪ್ಪಿತು. ಯಂತ್ರ ಮಾಳಿಗೆಯಿಂದ ಇಳಿದು ನೆಲಮನೆಯ ಉತ್ತರದ ಕೋಣೆಗೆ ಬಂತು. ಅಲ್ಲಿ ಮಧ್ಯಾಹ್ನವೂ ಮೇಲಿಗಿಂತ ಐದಾರು ಡಿಗ್ರಿ ಕಡಿಮೆ.

ನನ್ನ ಕಡೆಯಿಂದ ಒಂದು ಕಿವಿಮಾತು ಹೋಯಿತು, ದೊಡ್ಡ ಕಾರ್ಡು ಈಗಾಗಲೇ ಕೊಂಡುಬಿಟ್ಟವರಿಗೆ ಇದು ಇನ್ನೂ ಹೆಚ್ಚು ಉಪಯೋಗ. ಕಾರ್ಡಿನ ಸಾಫ್ಟ್‌ವೇರಿನಲ್ಲಿ ವಿದ್ಯುತ್ ಮಿತಿಯನ್ನು ನೂರರಿಂದ 80ಕ್ಕೆ ಇಳಿಸಬಹುದು. ವೇಗವೂ ಐದರಲ್ಲಿ ಒಂದು ಭಾಗ ಹೋದೀತೆಂದು ಹೆದರಬೇಡಿ, ಸಾಮಾನ್ಯವಾಗಿ ಹೋಗುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಕಾರಣ ಸರಳ. ಚಿಪ್ಪು ಉಣ್ಣುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೋಲ್ಟೇಜು ಹತ್ತು ಪಾಲು ಇಳಿದರೆ ಅದೇ ವೇಗಕ್ಕೆ ವಿದ್ಯುತ್ತು 19 ಪಾಲು ಇಳಿಯುತ್ತದೆ. ಕೊನೆಯ ನಾಲ್ಕು ಚಿತ್ರಗಳಿಗಾಗಿ, ಪರೀಕ್ಷಾ ಪಟ್ಟಿಯಲ್ಲಿ ಮೇಲೆ ಕಾಣುವುದಕ್ಕಾಗಿ, ಕಂಪನಿಗಳು ಕಾರ್ಡನ್ನು ಉಸಿರುಗಟ್ಟುವ ತನಕ ಓಡಿಸಿ ಕಳಿಸುತ್ತವೆ. ಆಗ ಹೇಳಿದ 50 ಡಿಗ್ರಿಯ ಏರಿಕೆ 40ಕ್ಕೆ ಇಳಿಯುವುದೂ ಇದರಿಂದಲೇ. ಮಾನಿಟರು ತೋರಿಸುವಷ್ಟಕ್ಕೇ ಚಿತ್ರಗಳ ಸಂಖ್ಯೆಗೂ ಮಿತಿ ಹಾಕಿದರೆ ಹಗುರವಾದ ಆಟಗಳಲ್ಲಿ ಫ್ಯಾನಿನ ಸದ್ದೇ ಕೇಳದು.

ಮೇ ಕೊನೆಯಲ್ಲಿ ಅಳಿಯ ಲೆಕ್ಕ ಕಳಿಸಿದ. ಕೋಣೆ 36, ಕಾರ್ಡು 71, ಒಂದೂವರೆ ಗಂಟೆ ಆಡಿದ ಮೇಲೆ. ಹಿಂದೆಯೇ ತಂಗಿಯ ಫೋನು. ಪೆಟ್ಟಿಗೆಯ ಹಿಂಭಾಗದಿಂದ ಬಿಸಿ ಗಾಳಿ ಬುಸುಗುಡುವುದನ್ನು ಅವಳು ಕೈಯಿಟ್ಟು ನೋಡಿದ್ದಳು.

"ಅಣ್ಣಾ, ಮಾಳಿಗಿ ಮ್ಯಾಲ ಮಂಗ್ಯಾನ ಕಾಟ. ಇದರ ಹಿಂದ ಹಪ್ಪಳ ಒಣಗಸಬಹುದೇನು?"

ಹಪ್ಪಳದ ಹಿಟ್ಟು ಉದುರಿ ಫ್ಯಾನಿನೊಳಗೆ ಹೋದೀತು, ಬೇಡ ಎಂದೆ.